ಹಿತ್ತಲ ಬಾಗಿಲಿನ ಕಂಪನಿ

ಸೋಲುವುದೇ ನನ್ನ ಕಂಪನಿಯ ಕಸುಬು. ಅದರ ವಿಳಾಸ ನಮ್ಮ ಮನೆಯ ಹಿತ್ತಲ ಬಾಗಿಲು. ಗಂಡನ ಕಂಪನಿಗೆ ಮುಂಬಾಗಿಲಿನ ನಂಬರು, ಮೈದುನನದಕ್ಕೆ ಮಹಡಿ ಮೆಟ್ಟಿಲಿನ ನಂಬರು, ನನ್ನದಕ್ಕೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಹೊಡೆದ ನಂಬರು. ರಸ್ತೆ ಕೆಲಸಕ್ಕೆ ಟೆಂಡರ್ ಕರೆದಾಗಲೆಲ್ಲ ಮೂರು ಬಾಗಿಲಿನಿಂದ ಮೂರು ಲಕೋಟೆ ಹೋಗುತ್ತಿದ್ದವು. ಗಂಡನದು ಕಡಿಮೆ ದರ, ನಮ್ಮಿಬ್ಬರದು ಹೆಚ್ಚು. ಪೈಪೋಟಿ ನಡೆಯಿತೆಂದು ಸರ್ಕಾರ ಬರೆದುಕೊಳ್ಳುತ್ತಿತ್ತು.

ಈ ಸಲ ಹೊಸ ನಿಯಮ ಬಂದಿತ್ತು. ಲಕೋಟೆ ಒಡೆಯುವಾಗ ಮಾಲೀಕರೇ ಖುದ್ದಾಗಿ ಹಾಜರಿರಬೇಕಂತೆ. ಹಾಗಾಗಿ ಪೈಪೋಟಿಗಿಳಿದ ಮೂವರೂ ಒಂದೇ ಕಾರಿನಲ್ಲಿ ಹೊರಟೆವು.

"ನೀನು ಸುಮ್ನೆ ಕೂತಿರು. ಬಾಯಿ ಬಿಡೋ ಕೆಲ್ಸ ಇಲ್ಲ," ಎಂದರು ಗಂಡ.

"ಅತ್ತಿಗೆ, ಸೋತಾಗ ಸ್ವಲ್ಪ ಬೇಜಾರಾದ ಹಾಗೆ ಮುಖ ಮಾಡಿ," ಎಂದು ಮೈದುನ ಹಲ್ಲು ಕಿರಿದ.

ನನಗೆ ನಗು ಬರಲಿಲ್ಲ. ಅಂದು ಟೆಂಡರಿಗೆ ಬಂದಿದ್ದದ್ದು ಆಸ್ಪತ್ರೆ ರಸ್ತೆ. ಹಿಂದೆ ಅದನ್ನು ಹಾಕಿದವರೂ ನನ್ನ ಗಂಡನೇ. ಮೊದಲ ಮಳೆಗೇ ಡಾಂಬರು ಕಿತ್ತುಬಂತು. ಹೆರಿಗೆ ನೋವು ತಿನ್ನುತ್ತಿದ್ದ ನನ್ನ ತಂಗಿಯನ್ನು ಕರೆದೊಯ್ಯುತ್ತಿದ್ದ ವ್ಯಾನು ಆ ರಸ್ತೆಯ ಗುಂಡಿಯಲ್ಲಿ ಕೂತುಬಿಟ್ಟಿತು. ಆಸ್ಪತ್ರೆಯ ಗೇಟು ಕಣ್ಣಿಗೆ ಕಾಣುತ್ತಿರುವಾಗಲೇ ಮಗು ಹೋಯಿತು. ಗಂಡ ತಂಗಿಯ ಮನೆಗೆ ಬಂದು, ಮಳೆಯನ್ನು ಬೈದು, ಕಣ್ಣೊರೆಸಿಕೊಂಡು ಹೋದರು. ಈಗ ಅವಳು ಮತ್ತೆ ಬಸುರಿ. ಅದೇ ರಸ್ತೆಯನ್ನು ಅದೇ ಮನುಷ್ಯ ಮತ್ತೆ ಹಾಕಲು ಹೊರಟಿದ್ದಾರೆ.

ಕಚೇರಿಯಲ್ಲಿ ಉದ್ದನೆಯ ಮೇಜು, ಕಿರುಗುಟ್ಟುವ ಫ್ಯಾನು, ಅರಗಿನ ಮುದ್ರೆ ಹಾಕಿದ ಪೆಟ್ಟಿಗೆ. ದೊಡ್ಡ ಇಂಜಿನಿಯರ್ ಸಾಹೇಬರು ನನ್ನನ್ನು ನೋಡಿ, "ತಾವು ಯಾವ ಕಂಪನಿಯವರಮ್ಮ?" ಎಂದು ಕೇಳಿದರು. ಹೋದ ಭಾನುವಾರ ನಮ್ಮ ಮನೆಯಲ್ಲಿ ಊಟಕ್ಕೆ ಕೂತು, ನನ್ನ ಕೈಯಿಂದಲೇ ಮತ್ತೆ ಮತ್ತೆ ಬಡಿಸಿಕೊಂಡ ಮಹಾನುಭಾವ! ಕಂಪನಿಯ ಹೆಸರು ಹೇಳಿದೆ.

ಪೆಟ್ಟಿಗೆಯಿಂದ ಮೂರರ ಬದಲು ನಾಲ್ಕು ಲಕೋಟೆ ಬಂದವು. ನಾಲ್ಕನೆಯದು ಬಾಗಿಲ ಬಳಿ ಕೂತಿದ್ದ ಒಬ್ಬ ಕನ್ನಡಕದವನದು. ನಮ್ಮವರಿಗೆ ಯಾರಿಗೂ ಗೊತ್ತಿಲ್ಲದ ಕಂಟ್ರಾಕ್ಟರು, ಬೂಟಿಗೆ ಡಾಂಬರು ಮೆತ್ತಿತ್ತು. ಅವನ ದರ ಗಂಡನದಕ್ಕಿಂತ ಕಡಿಮೆ. ಐದು ವರ್ಷ ದುರಸ್ತಿಯೂ ತನ್ನದೇ ಎಂದು ಬರೆದಿದ್ದ. ಗಂಡನ ಮುಖ ಇಂಗು ತಿಂದ ಮಂಗನಂತಾಯಿತು. ನನಗೆ ಮಾತ್ರ ಎದೆ ತಣ್ಣಗಾಯಿತು.

"ಯಾರದಾದ್ರೂ ಆಕ್ಷೇಪಣೆ ಇದ್ರೆ ಈಗ್ಲೇ ಹೇಳ್ಬಹುದು," ಎಂದು ಸಾಹೇಬರು ನನ್ನ ಗಂಡನನ್ನೇ ನೋಡಿದರು.

ಗಂಡ ನನ್ನ ಕಿವಿಯ ಹತ್ತಿರ ಬಾಗಿದರು. "ಎದ್ದು ಹೇಳು, ಅವನ ಹತ್ರ ಸ್ವಂತ ರೋಲರ್ ಇಲ್ಲ ಅಂತ. ನಾನು ಹೇಳಿದ್ರೆ ಚೆನ್ನಾಗಿರಲ್ಲ."

"ನಿಜವಾಗ್ಲೂ ಇಲ್ವಾ?"

"ಇದ್ಯೋ ಇಲ್ವೋ ಯಾರಿಗೆ ಗೊತ್ತು! ಏಳೇ."

ಎದ್ದೆ.

"ಆಕ್ಷೇಪಣೆ ಇದೆ," ಎಂದೆ. "ಇವರು ನನ್ನ ಗಂಡ. ಅವನು ನನ್ನ ಮೈದುನ. ಮೂರು ಲಕೋಟೇನೂ ನಮ್ಮನೆ ಊಟದ ಮೇಜಿನ ಮೇಲೇ ಅಂಟಿಸಿದ್ದು. ನನ್ನ ಕಂಪನಿ ಆಫೀಸು ಅಂದ್ರೆ ಬಟ್ಟೆ ಒಗೆಯೋ ಕಲ್ಲು. ಬೇಕಾದ್ರೆ ಸಾಹೇಬರನ್ನೇ ಕೇಳಿ, ಹೋದ ಭಾನುವಾರ ಅಲ್ಲೇ ಕೈ ತೊಳ್ಕೊಂಡ್ರು."

ಕನ್ನಡಕದವನು ನನಗೆ ಕೈ ಮುಗಿದ.

ಸಾಹೇಬರು ಕುತ್ತಿಗೆ ಒರೆಸಿಕೊಂಡು, ನಿಧಾನವಾಗಿ ದಾರಿ ಹುಡುಕಿಕೊಂಡರು. "ಹಾಗಾದ್ರೆ ಆ ಮೂರನ್ನೂ ಬಿಟ್ವಿ ಅಂತಿಟ್ಕೊಳ್ಳಿ. ಉಳಿಯೋದು ಒಂದೇ ಲಕೋಟೆ. ಒಬ್ಬನೇ ಇದ್ರೆ ಪೈಪೋಟಿ ಎಲ್ಲಿ ಬಂತು? ಈ ಟೆಂಡರ್ ರದ್ದು. ಮತ್ತೆ ಕರೀತೀವಿ." ಕಡತದಲ್ಲಿ 'ಸಾಕಷ್ಟು ಪೈಪೋಟಿ ಇಲ್ಲದ ಕಾರಣ' ಎಂದಷ್ಟೇ ಬರೆಸಿದರು. ನನ್ನ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ.

ಕಾರಿನಲ್ಲಿ ಗಂಡ ಕೂಗಾಡುತ್ತಾರೆಂದುಕೊಂಡಿದ್ದೆ. ಅವರು ನಕ್ಕರು. "ಒಳ್ಳೇದೇ ಮಾಡ್ದೆ ಬಿಡು. ಇವತ್ತು ಕೈ ತಪ್ಪಿ ಹೋಗ್ತಿತ್ತು. ಈಗ ಟೈಮ್ ಸಿಕ್ತು."

ಆದರೂ ನಾನು ತಂಗಿಗೆ ಫೋನು ಮಾಡಿ, ಮುಂದಿನ ಸಲ ಆ ರಸ್ತೆ ಬೇರೆಯವರ ಪಾಲಾಗುತ್ತದೆ, ಒಬ್ಬ ಒಳ್ಳೆಯವನು ಬಂದಿದ್ದಾನೆ ಎಂದೆ.

"ನಿಜಾನಾ ಅಕ್ಕ?" ಎಂದು ಎರಡೆರಡು ಸಲ ಕೇಳಿದಳು.

ಮತ್ತೆ ಟೆಂಡರ್ ಕರೆದರು. ಒಂದು ಸಂಜೆ ಗಂಡ ಒಳಗಿನಿಂದ ಟೀ ತರಲು ಹೇಳಿದರು. ತಂದು ನೋಡಿದರೆ ಊಟದ ಮೇಜಿನ ಮುಂದೆ ಕನ್ನಡಕದವನು! ಬೂಟು ಹೊರಗೆ ಬಿಟ್ಟು, ಕಾಲು ಚಾಚಿ ಕೂತಿದ್ದ. ಎದುರಿಗೆ ಲಕೋಟೆಗಳು, ಗೋಂದಿನ ಬಾಟಲಿ.

"ಬನ್ನಿ ಅತ್ತಿಗೆ," ಎಂದ, ಥೇಟ್ ನನ್ನ ಮೈದುನನ ಹಾಗೆ. "ಅವತ್ತು ನನ್ನ ಪರ ನಿಂತ್ರಿ. ನಿಮ್ಮ ಉಪಕಾರ ಮರೆಯಲ್ಲ."

"ರಸ್ತೆ ಯಾರು ಹಾಕ್ತಾರೆ?"

"ಈ ಸಲ ಅಣ್ಣನೇ ಹಾಕ್ಲಿ. ಮುಂದಿನದು ನನಗೆ. ನಿಮಗಿನ್ನು ಈ ತಾಪತ್ರಯ ಇಲ್ಲ ಅತ್ತಿಗೆ, ನಿಮ್ಮ ಬದಲು ನಾನೇ ಸೋಲ್ತೀನಿ."

ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಗಂಡನ ಮೇಲೆ ಬಂದದ್ದಕ್ಕಿಂತ ಹೆಚ್ಚು ಅಸಹ್ಯ ಇವನ ಮೇಲೆ ಬಂತು. ಇವನನ್ನು ನಾನು ನಂಬಿದ್ದೆ. ಅವನು ಬಾಯಿಗಿಟ್ಟ ಲೋಟವನ್ನು ಕೈಯಿಂದ ಕಿತ್ತುಕೊಂಡೆ.

"ಏನೇ ಇದು, ಮನೆಗೆ ಬಂದೋರಿಗೆ?" ಗಂಡ ಗದರಿದರು.

"ಇವರದ್ದು ಹಿತ್ತಲ ಬಾಗಿಲಿನ ಕಂಪನಿ ತಾನೇ? ಅಲ್ಲೇ ಹೋಗಿ ಕುಡೀಲಿ," ಎಂದು ಲೋಟವನ್ನು ಒಗೆಯುವ ಕಲ್ಲಿನ ಮೇಲೆ ಕುಕ್ಕಿ ಬಂದೆ.

ಆಮೇಲೆ ಕೋಣೆಗೆ ಹೋಗಿ ತಂಗಿಗೆ ಫೋನು ಮಾಡಿದೆ. ಎತ್ತಿದವಳೇ, "ಅಕ್ಕ, ರಸ್ತೆ ಯಾವಾಗ ಶುರು?" ಎಂದಳು.

"ಆ ರಸ್ತೆ ನಂಬ್ಕೋಬೇಡ ಕಣೇ," ಎಂದೆ. "ಆಸ್ಪತ್ರೆ ಪಕ್ಕದಲ್ಲೇ ಒಂದು ರೂಮು ಹಿಡಿಯೋಣ. ನಾನೂ ಬರ್ತೀನಿ."