ಅಳಿಸಿದರೂ ಜಾಗ ಬಿಡದ ಫೈಲು

ಮಾವನ ಕಣ್ಣಿನ ಪೊರೆ ತೆಗೆಯಲು ದಿನ ಗೊತ್ತುಮಾಡಿದ್ದು ಇದು ಎರಡನೇ ಸಲ. ಮೊದಲ ಸಲ ಇನ್ನೇನು ಒಳಗೆ ಕರೆದೊಯ್ಯಬೇಕು ಎನ್ನುವಾಗ ಆಸ್ಪತ್ರೆಯ ಸರ್ವರ್ ರೂಮಿನಿಂದ ಯಾರೋ ಪುಣ್ಯಾತ್ಮ ಅವರಿಗೇ ಫೋನ್ ಮಾಡಿ ಕಂಪ್ಯೂಟರ್ ಮಿಷನ್ ನಿಂತಿದೆ ಎಂದಿದ್ದ. ಮಾವನ ಬಿಪಿ ಗಗನಕ್ಕೇರಿತು, ಡಾಕ್ಟರು ಮನೆಗೆ ಕಳಿಸಿದರು. ಅದೇ ಆಸ್ಪತ್ರೆಯ ಕಂಪ್ಯೂಟರುಗಳನ್ನು ಮಕ್ಕಳಂತೆ ಸಾಕಿದವರು ಅವರು. ಈಗ ಪರದೆಯ ಮೇಲಿನ ಅಕ್ಷರವೂ ಕಾಣದೆ ಸೊಸೆಯ ಕೈಲಿ ಓದಿಸುತ್ತಿದ್ದರು. ಇನ್ನೂ ತಡ ಮಾಡಿದರೆ ಕಣ್ಣೇ ಹೋದೀತು ಎಂದು ಡಾಕ್ಟರು ಮುಖ ಮೋರೆ ನೋಡದೆ ಹೇಳಿಬಿಟ್ಟಿದ್ದರು.

ಸೊಸೆ ಮೊದಲು ಅಲ್ಲೇ ಲ್ಯಾಬಿನಲ್ಲಿದ್ದವಳು, ಈಗ ಮಾವನ ಕೈಕೆಳಗೆ ಸರ್ವರ್ ಕೆಲಸ ಕಲಿಯುತ್ತಿದ್ದಳು. ಮನೆಯಲ್ಲಿ ಅವಳ ಅಡ್ಡಹೆಸರು ಗಡಿಬಿಡಿ. ಒಂದು ಚಪ್ಪಲಿ ಮೆಟ್ಟಿ ಇನ್ನೊಂದನ್ನು ಹುಡುಕುತ್ತಲೇ ಗೇಟು ದಾಟುವ ಜೀವ ಅದು. ಸಂಜೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಮಾವ ಕೀಲಿಮಣೆಯಲ್ಲೇ ಹೊಡೆಯುವ ಕಮಾಂಡುಗಳ ಪಾಠ ಹೇಳುತ್ತಿದ್ದರು. ರಾಶಿ ಸಾಲುಗಳ ನಡುವಿನಿಂದ ಬೇಕಾದದ್ದನ್ನು ಹೆಕ್ಕಲು ಗ್ರೆಪ್, ಫೈಲಿನ ಕೊನೆಯಲ್ಲಿ ಏನಿದೆ ನೋಡಲು ಟೇಲ್, ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ ತಿಳಿಯಲು ಡಿಎಫ್, ಆ ಜಾಗವನ್ನು ಯಾರು ನುಂಗಿದ್ದಾರೆ ಕಂಡುಹಿಡಿಯಲು ಡಿಯು. ಅವಳ ಕೈ ಮೌಸಿನ ಕಡೆ ಹೋದರೆ ಮಾವ ಕೆಮ್ಮುತ್ತಿದ್ದರು. ಕಣ್ಣು ಕಾಣದವರಿಗೆ ಅದು ಹೇಗೆ ತಿಳಿಯುತ್ತಿತ್ತೋ ದೇವರೇ ಬಲ್ಲ.

ಆಪರೇಷನ್ನಿನ ದಿನ ಬೆಳಿಗ್ಗೆ ಮಾವ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಮಲಗಿದ್ದರು. ಬಿಪಿ ಸ್ವಲ್ಪ ಹೆಚ್ಚಿದೆ, ಇಳಿಯಬೇಕು, ಜೊತೆಗೆ ಸಕ್ಕರೆಯ ರಿಪೋರ್ಟೂ ಬರಬೇಕು, ಆಮೇಲೇ ಆಪರೇಷನ್ ಎಂದು ನರ್ಸಮ್ಮ ಹೇಳಿದ್ದರು. ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಪರವೂರಿಗೆ ಹೊರಡುವವರು. ಸೊಸೆ ಕೆಳಗೆ ಸರ್ವರ್ ರೂಮಿಗೆ ಬಂದು ಕೂತಿದ್ದಳು ಅಷ್ಟೇ, ಲ್ಯಾಬಿನಿಂದ ಫೋನು.

"ಅಕ್ಕಾ, ಒಂದು ರಿಪೋರ್ಟೂ ಹೋಗ್ತಿಲ್ಲ. ನಿಮ್ಮ ಮಾವಂದೂ ಇಲ್ಲೇ ಸಿಕ್ಕಿಹಾಕ್ಕೊಂಡಿದೆ."

ಅವಳು ಫೋನು ಕೆಳಗಿಟ್ಟಳು. ಡಿಎಫ್ ಕೊಟ್ಟಳು. ಡಿಸ್ಕು ಪೂರ್ತಿ ಭರ್ತಿ. ಡಿಯು ಕೊಟ್ಟಳು. ರಿಪೋರ್ಟು ಕಳಿಸುವ ಪ್ರೋಗ್ರಾಮು ತನ್ನ ದಿನಚರಿ ಬರೆದುಕೊಳ್ಳುವ ಲಾಗ್ ಫೈಲು ಆನೆ ಗಾತ್ರಕ್ಕೆ ಊದಿಕೊಂಡಿತ್ತು. ಹಿಂದೆ ಮುಂದೆ ನೋಡದೆ ಆರ್‌ಎಂ ಎಂಬ ಅಳಿಸುವ ಕಮಾಂಡು ಕೊಟ್ಟು ಎಂಟರ್ ಕುಟ್ಟಿದಳು. ಕೆಲಸ ಮುಗಿಯಿತು ಎಂದು ಬೀಗುತ್ತಾ ಮತ್ತೆ ಡಿಎಫ್ ಕೊಟ್ಟರೆ, ಡಿಸ್ಕು ಹಾಗೇ ಭರ್ತಿ.

ಇನ್ನೊಮ್ಮೆ ನೋಡಿದಳು. ಎದ್ದು ನಿಂತು ನೋಡಿದಳು, ನಿಂತು ನೋಡಿದರೆ ಜಾಗ ಬರುತ್ತದೆ ಎನ್ನುವಂತೆ. ಡಿಯು ಪ್ರಕಾರ ಬೇಕಾದಷ್ಟು ಖಾಲಿ, ಡಿಎಫ್ ಪ್ರಕಾರ ಸೂಜಿ ಊರಲೂ ಸ್ಥಳವಿಲ್ಲ. ಫೋನಿನಲ್ಲಿ ಹುಡುಕಿದಳು, ಒಂದು ಉತ್ತರ ಓದಿ ಮುಗಿಸುವ ಮೊದಲೇ ಮುಂದಿನದಕ್ಕೆ ಹಾರಿದಳು. ಮಿಷನ್ನನ್ನೇ ಆರಿಸಿ ಹೊತ್ತಿಸೋಣವೆಂದರೆ, ಡಿಸ್ಕು ತುಂಬಿದ ಮಿಷನ್ ಮತ್ತೆ ಏಳದೆ ಹೋದೀತು ಎಂದು ಮಾವ ಮೊದಲೇ ಹೆದರಿಸಿದ್ದರು. ಲ್ಯಾಬಿನ ಫೋನು ಬಡಿದುಕೊಳ್ಳುತ್ತಲೇ ಇತ್ತು. ಉತ್ತರ ಗೊತ್ತಿದ್ದದ್ದು ಒಬ್ಬರಿಗೇ, ಅವರಿಗೆ ವಿಷಯ ತಿಳಿದರೆ ಬಿಪಿ ಏರಿ ಕಣ್ಣಿಗೆ ಕುತ್ತು. ರೂಮಿನ ಉದ್ದಕ್ಕೂ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡಿದಳು. ಕೊನೆಗೆ ಮೆಟ್ಟಿಲು ಹತ್ತಿದಳು.

ಬಾಗಿಲ ಹೊರಗೆ ನಿಂತು ಏದುಸಿರು ಅಡಗಿಸಿಕೊಂಡು ಒಳಗೆ ಹೋದಳು. ನರ್ಸಮ್ಮ ಮಾವನ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಿದ್ದರು.

"ಮಾವ, ಸುಮ್ನೆ ಕೂತಿದ್ದೆ. ನಿನ್ನೆಯ ಪಾಠದಲ್ಲಿ ಒಂದು ಡೌಟು ಬಂತು."

"ಕೇಳಮ್ಮ."

"ಒಂದು ಫೈಲು ಅಳಿಸಿದ್ರೂ ಜಾಗ ವಾಪಸ್ ಬರ್ದೆ ಇರೋದುಂಟಾ?"

ಮಾವ ಅವಳ ದನಿ ಬಂದ ಕಡೆ ಮುಖ ತಿರುಗಿಸಿದರು.

"ಉಂಟು," ಎಂದರು ನಿಧಾನವಾಗಿ. "ಬಾಗಿಲ ಮೇಲಿನ ಹೆಸರು ಕಿತ್ತಾಕಿದ್ರೆ ಮನೆ ಖಾಲಿ ಆಗುತ್ತಾ? ಒಳಗಿರೋರು ಹೊರಗೆ ಬರಬೇಕಲ್ಲ. ಆ ಫೈಲನ್ನ ಯಾವುದೋ ಪ್ರೋಗ್ರಾಮು ತೆರೆದಿಟ್ಕೊಂಡು ಇನ್ನೂ ಬರೀತಾ ಇರುತ್ತೆ. ಅದು ಬಿಡೋ ತನಕ ಜಾಗ ಬರಲ್ಲ. ಹಿಡ್ಕೊಂಡಿರೋರು ಯಾರು ಅಂತ ಹೇಳೋಕೆ ಎಲ್‌ಎಸ್‌ಒಎಫ್ ಅಂತ ಇದೆ. ಅದರ ಉತ್ತರದಲ್ಲಿ ಅಳಿಸಿದೆ ಅನ್ನೋ ಸಾಲನ್ನ ಗ್ರೆಪ್‌ನಲ್ಲಿ ಹೆಕ್ಕು."

"ಸಿಕ್ಕಿದ ಮೇಲೆ?"

"ಆ ಪ್ರೋಗ್ರಾಮು ಒಂದನ್ನೇ ನಿಲ್ಲಿಸಿ ಶುರು ಮಾಡು. ಇಡೀ ಮಿಷನ್ ಮುಟ್ಟಬೇಡ. ಅಂಥ ಫೈಲನ್ನ ಅಳಿಸೋದಲ್ಲಮ್ಮ, ಇದ್ದಲ್ಲೇ ಬರಿದು ಮಾಡಬೇಕು. ಅದು ನಾಳೆಯ ಪಾಠ." ಅವರ ದನಿ ಊಟದ ಮೇಜಿನ ದನಿಯೇ ಆಗಿತ್ತು. "ಇನ್ನೊಂದ್ಸಲ ಹೇಳ್ಲಾ?"

"ಬೇಡ ಮಾವ, ಗೊತ್ತಾಯ್ತು," ಎನ್ನುತ್ತಾ ಸೊಸೆ ಬಾಗಿಲ ತನಕ ನಡೆದು, ಅಲ್ಲಿಂದಾಚೆ ಓಡಿದಳು.

ಕೀಲಿಮಣೆಯ ಮೇಲೆ ಬೆರಳು ನಡುಗಿ ಎರಡು ಸಲ ತಪ್ಪು ಹೊಡೆದಳು. ಮೂರನೆಯ ಸಲ ಎಲ್‌ಎಸ್‌ಒಎಫ್ ಕಳ್ಳನನ್ನು ತೋರಿಸಿತು. ರಿಪೋರ್ಟಿನ ಪ್ರೋಗ್ರಾಮೇ, ಅಳಿಸಿದ ಫೈಲನ್ನು ಅವಚಿಕೊಂಡು ಕೂತಿತ್ತು. ಈ ಸಲ ಹೆಸರನ್ನು ಬೆರಳಿಟ್ಟು ಓದಿ, ಮತ್ತೊಮ್ಮೆ ಓದಿ, ಅದೊಂದನ್ನೇ ನಿಲ್ಲಿಸಿ ಶುರು ಮಾಡಿದಳು. ಡಿಎಫ್ ಕೊಟ್ಟಾಗ ಡಿಸ್ಕಿನ ಅರ್ಧಕ್ಕಿಂತ ಹೆಚ್ಚು ಖಾಲಿಯಿತ್ತು. ಲ್ಯಾಬಿನವಳು ಫೋನ್ ಮಾಡಿ, "ಅಕ್ಕಾ, ಎಲ್ಲಾ ಹೋಗ್ತಿವೆ, ಮಾವಂದೂ ಹೋಯ್ತು, ಸಕ್ಕರೆ ಸರಿಯಾಗಿದೆ" ಎಂದಳು.

ಮೇಲೆ ಹೋದಾಗ ಮಾವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಹೊರಡಿಸಿದ್ದರು.

"ನಿಮ್ಮ ಪಾಠ ಒಳ್ಳೆ ಔಷಧಿ ಕಣ್ರಿ," ಎಂದರು ನರ್ಸಮ್ಮ. "ಬೆಳಿಗ್ಗೆಯಿಂದ ಇಳೀದೆ ಇದ್ದ ಬಿಪಿ, ಇವರು ಹೇಳ್ತಾ ಹೇಳ್ತಾ ಇಳೀತು."

ಸೊಸೆ ಕುರ್ಚಿಯ ಪಕ್ಕದಲ್ಲೇ ನಡೆದಳು. ಆಪರೇಷನ್ ಕೋಣೆಯ ಮುಂದೆ ಮಾವ ಅವಳ ಕೈ ತಡಕಿ ಹಿಡಿದುಕೊಂಡರು.

"ಜಾಗ ಬಂತಾ?"

ಅವಳ ಕಾಲು ಅಲ್ಲೇ ನಿಂತುಹೋಯಿತು. "ಬಂತು ಮಾವ. ನಿಮಗೆ ಹೆಂಗೆ..."

"ಪಾಠ ಅಂದ್ರೆ ಆಕಳಿಸೋಳು ನೀನು. ಡೌಟು ಕೇಳೋಕೆ ಮೆಟ್ಟಿಲು ಹತ್ತಿ ಬರ್ತೀಯಾ?"

"ಗೊತ್ತಿದ್ದೂ ಅಷ್ಟು ತಣ್ಣಗೆ ಹೇಳಿದ್ರಾ?"

"ನಾನು ಗಾಬರಿಯಾಗಿದ್ರೆ ನಿನ್ನ ಕೈ ಇನ್ನಷ್ಟು ನಡುಗ್ತಿತ್ತು," ಎಂದರು ಮಾವ. "ಅದೊಂದೇ ಯೋಚನೆ ಇತ್ತಮ್ಮ ಆಗ. ನನ್ನ ಕಣ್ಣು ಮರೆತೇ ಹೋಗಿತ್ತು."

ಕೋಣೆಯ ಬಾಗಿಲು ಮುಚ್ಚಿತು. ನರ್ಸಮ್ಮ ಬೆಂಚು ತೋರಿಸಿ ಕೂತ್ಕೊಳ್ಳಿ ಎಂದರು. ಅವಳಿಗೆ ಕೂರಲಾಗಲಿಲ್ಲ. ಬಾಗಿಲ ಎದುರಿಗೇ ನಿಂತು ಅತ್ತಳು.