ಹನ್ನೆರಡನೇ ಮೊಲ

ಅರಿವಳಿಕೆ ಅನಿಲದ ಆ ಸಿಹಿ ವಾಸನೆ ಮೂಗಿಗೆ ಬಡಿದರೆ ಗೆರೆಯಕ್ಕನಿಗೆ ಹೇಸಿಗೆಯಾಗುತ್ತಿತ್ತು. ಅರಿವಳಿಕೆಯ ಅನಿಲ ಉಸಿರಾಡಿದ ಪ್ರಾಣಿಗಳ ಮಿದುಳಿನ ವಿದ್ಯುತ್ ಹೇಗೆ ಬದಲಾಗುತ್ತದೆಂದು ಅಳೆಯುವ ಪ್ರಯೋಗಾಲಯ ಅದು. ಹದಿನಾಲ್ಕು ವರ್ಷದಿಂದ ಅಲ್ಲಿ ಪರದೆಯ ಮೇಲಿನ ಗೆರೆ ಓದಿ ಓದಿಯೇ ಅವಳಿಗೆ ಆ ಹೆಸರು ಅಂಟಿತ್ತು. ಮನೆಗೆ ಹೋದರೆ ನಾದಿನಿ ಮೂಗು ಮುಚ್ಚಿಕೊಂಡು, "ಅತ್ತಿಗೆ, ಮೊದಲು ಸ್ನಾನ ಮಾಡಿ, ಆಮೇಲೆ ಮಾತು" ಎನ್ನುವಳು.

ಅಂದು ಬೆಳಿಗ್ಗೆ ವಾಸನೆಯೇ ಇರಲಿಲ್ಲ. ಹಿಂದಿನ ದಿನ ರಿಪೇರಿಯವನು ಸೋರುತ್ತಿದ್ದ ಕೊಳವೆ ಸರಿಮಾಡಲು ಬಂದು ಹೋಗಿದ್ದ. ಪುಣ್ಯಾತ್ಮ, ಅವನ ಕೈಗೆ ಚಿನ್ನದ ಬಳೆ ತೊಡಿಸಬೇಕು ಎಂದು ಹಿಗ್ಗಿದಳು. ಆ ಹಿಗ್ಗಿನಲ್ಲಿ ಅನಿಲವಾಗುವ ದ್ರವದ ಡಬ್ಬಿಯ, ಮಟ್ಟ ತೋರಿಸುವ ಗಾಜಿನತ್ತ ಕಣ್ಣು ಹಾಯಿಸಲಿಲ್ಲ.

ಮೊಲಕ್ಕೆ ಮೊದಲು ಸ್ವಲ್ಪ ಹೊತ್ತಿನ ನಿದ್ದೆಮದ್ದು, ಆಮೇಲೆ ಕದಲಬಾರದೆಂದು ಸ್ನಾಯು ಸಡಿಲಿಸುವ ಮದ್ದು ಚುಚ್ಚಿಯಾಗಿತ್ತು. ಉಸಿರನ್ನೂ ಯಂತ್ರವೇ ತುಂಬುತ್ತಿತ್ತು. ಪ್ರಯೋಗಾಲಯದ ಮುಖ್ಯಸ್ಥರು, ಎಲ್ಲರ ಬಾಯಲ್ಲಿ ದೊಡ್ಡವರು, ಮಗಳ ಮನೆಯ ಸೋಫಾದ ಬಣ್ಣ ವರ್ಣಿಸುತ್ತಲೇ ಮೊಲದ ತೊಡೆ ಸೀಳಿ ರಕ್ತನಾಳಕ್ಕೆ ನಳಿಗೆ ತೂರಿಸುತ್ತಿದ್ದರು. ಮೊಲ ಒದ್ದೆ ಬಟ್ಟೆಯಂತೆ ಬಿದ್ದಿತ್ತು. ಪರದೆಯಲ್ಲಿ ಮಾತ್ರ ನಿದ್ದೆಯ ದೊಡ್ಡ ನಿಧಾನದ ಅಲೆಗಳಿಲ್ಲ; ಪುಟ್ಟ ಪುಟ್ಟ ಚುರುಕು ಗೆರೆಗಳು, ಎಚ್ಚರವಿರುವ ಜೀವದವು.

ಅವಳ ಕಣ್ಣು ಡಬ್ಬಿಗೆ ಹೋಯಿತು. ಗಾಜಿನಲ್ಲಿ ಒಂದು ಹನಿಯೂ ಇರಲಿಲ್ಲ.

"ಸಾರ್, ಕೈ ತೆಗೀರಿ! ಡಬ್ಬಿ ಖಾಲಿ. ನಾನೇ ತುಂಬಿಸಿಲ್ಲ."

ಬಾಟಲಿ ತಂದು ಡಬ್ಬಿ ತುಂಬಿಸಿದಳು. ನಾಲ್ಕೇ ನಿಮಿಷಕ್ಕೆ ದೊಡ್ಡ ಅಲೆಗಳು ಬಂದವು. ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ. ಹಿಂದಕ್ಕೆ ಎಣಿಸಿದಳು: ಮೊದಲು ಚುಚ್ಚಿದ ನಿದ್ದೆಮದ್ದು ಇಳಿದ ಮೇಲೆ ಹದಿನೇಳು ನಿಮಿಷ.

ದೊಡ್ಡವರು ಕೈಗವಸು ಕಳಚಿ, ಮೊಲ ಮಲಗಿದ್ದ ಮೇಜಿನ ತುದಿಯಲ್ಲಿದ್ದ ಬಿಸ್ಕತ್ತು ಬಾಯಿಗೆಸೆದುಕೊಂಡರು.

"ಆ ಗೆರೆಯ ತುಂಡು ಕತ್ತರಿಸಿ ಬಿಸಾಕಿ. ತಲೆಯ ವೈರ್ ಸಡಿಲ ಆಗಿತ್ತು ಅಂತ ಬರೀರಿ. ಹನ್ನೆರಡನೇದು ಇದು, ಇದಾದ್ರೆ ವರದಿ ಮುಗೀತು."

ಅವರ ಮೀಸೆಯಲ್ಲಿ ಬಿಸ್ಕತ್ತಿನ ಪುಡಿ ಸಿಕ್ಕಿಕೊಂಡಿತ್ತು. ಅವಳು ಅದರಿಂದ ಕಣ್ಣು ಕಿತ್ತು ಪರದೆಯತ್ತ ತಿರುಗಿದಳು.

"ಅದು ಎಚ್ಚರವಾಗಿತ್ತು, ಸಾರ್."

"ಅದು ನಿಮ್ಮ ಹತ್ರ ಬಂದು ಹೇಳಿತೇನ್ರೀ? ತಪ್ಪು ನಿಮ್ಮದೇ ಅಲ್ವಾ? ಬರೆದ್ರೆ ಕೆಲಸ ಹೋಗೋದೂ ನಿಮ್ಮದೇ."

"ಹೇಳಿತಲ್ಲ ಸಾರ್. ಹದಿನೇಳು ನಿಮಿಷ ಬಾಯಿ ಬಡ್ಕೊಂಡಿದೆ, ನೋಡಿ." ಗೆರೆಯ ಮೇಲೆ ಬೆರಳಿಟ್ಟಳು.

ದೊಡ್ಡವರು ಬಾಗಿಲು ದಡಾರನೆ ಎಳೆದುಕೊಂಡು ಹೋದರು. ಅವಳು ದಾಖಲೆ ಪುಸ್ತಕ ತೆರೆದು ಬರೆದಳು: 'ಹನ್ನೆರಡನೇ ಮೊಲ ಹದಿನೇಳು ನಿಮಿಷ ಎಚ್ಚರವಾಗಿತ್ತು. ಅನಿಲ ತುಂಬಿಸದವಳು ನಾನು.' ಕೆಳಗೆ ಸಹಿ ಹಾಕಿದಳು.

ಕೊಳವೆಯನ್ನು ರಿಪೇರಿಯವನು ಸರಿಮಾಡಿಯೇ ಇರಲಿಲ್ಲ; ಬೆಳಿಗ್ಗೆ ವಾಸನೆ ಬರದಿದ್ದುದು ಡಬ್ಬಿ ಖಾಲಿಯಿದ್ದುದರಿಂದ. ಸಿಹಿ ವಾಸನೆ ಮೆಲ್ಲಗೆ ಕೋಣೆ ತುಂಬಿತು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವಳಿಗೆ ಅದರ ಮೇಲೆ ಹೇಸಿಗೆ ಹುಟ್ಟಲಿಲ್ಲ. ಬೆಳಿಗ್ಗೆ ಅದಿಲ್ಲವೆಂದು ಹಿಗ್ಗಿದ ತನ್ನ ಮೂಗಿನ ಮೇಲೆ ಹುಟ್ಟಿತು.