ಗುಂಡಿ ಎಳೆದ ಗೀಟು

ಆ ಹೊಲಿಗೆ ಅಂಗಡಿಯಲ್ಲಿ ಒಂದು ಕಟ್ಟಳೆಯಿತ್ತು. ಕೋಟಾಗಲಿ, ತಲೆದಿಂಬಿನ ಚೀಲವಾಗಲಿ, ಸೀಮೆಸುಣ್ಣದ ಗೀಟು ಉಳಿದ ಬಟ್ಟೆ ಹೊಸ್ತಿಲು ದಾಟಕೂಡದು. ಅಳತೆಗೆ ಎಳೆದ ಗೀಟನ್ನೆಲ್ಲ ಒದ್ದೆ ಸ್ಪಂಜಿನಿಂದ ಒರೆಸಿ, ಜೋತ ದಾರ ಕತ್ತರಿಸಿ, ಇಸ್ತ್ರಿ ಹಾಕಿ, ಆಮೇಲಷ್ಟೇ ಮಡಿಸುವುದು. ಅಜ್ಜಿ ಇದನ್ನು ಸೊಸೆಗೆ ಕಲಿಸಿದ್ದರು. ಸೊಸೆ ಈಗ ಅತ್ತೆಯನ್ನೂ ಮೀರಿಸಿದ್ದಳು. ಗಿರಾಕಿ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದರೂ ಅವಳ ಕೈ ಒಮ್ಮೆ ಬಟ್ಟೆಯ ಮೇಲೆ ಹಾಯದೆ ಬಿಡುತ್ತಿರಲಿಲ್ಲ.

ಅವಳ ಮಗಳಿಗೆ ಗುಂಡಿ ಎಂಬ ಹೆಸರು ಬಂದದ್ದೂ ಅಂಗಡಿಯಿಂದಲೇ. ನಡೆಯಲು ಕಲಿಯುವ ಮೊದಲೇ ಗುಂಡಿಗಳ ಡಬ್ಬಿ ಬೋರಲು ಹಾಕಿ, ಎರಡು ತೂತಿನವು ಇಲ್ಲಿ, ನಾಲ್ಕು ತೂತಿನವು ಅಲ್ಲಿ ಎಂದು ಸಾಲು ಹಚ್ಚುತ್ತಿದ್ದಳು. ಒಂಬತ್ತು ತುಂಬಿದ ಮೇಲೆ ತರಗತಿಯ ಲೆಕ್ಕವನ್ನು ಎಲ್ಲರಿಗಿಂತ ಮೊದಲು ಮುಗಿಸಿ, ಕಿಟಕಿಯಾಚೆ ನೋಡುತ್ತ ಕೂತು ಬೈಸಿಕೊಳ್ಳುವುದು ಅವಳ ದಿನಚರಿಯಾಯಿತು. ಕೊನೆಗೆ ಶಾಲೆಯ ಟೀಚರೇ ಅಮ್ಮನನ್ನು ಕರೆಸಿ, "ನಮ್ಮ ಪುಸ್ತಕ ಇವಳಿಗೆ ಸಾಲ್ತಿಲ್ಲ. ಇದನ್ನ ತೋರಿಸಿ," ಎಂದು ಅಂತರ್ಜಾಲದಲ್ಲಿ ನಡೆಯುವ ಮಕ್ಕಳ ಗಣಿತ ಕೂಟವೊಂದರ ವಿಳಾಸ ಕೊಟ್ಟರು.

ಅಂದಿನಿಂದ ಅಮ್ಮನ ಫೋನು ಅಮ್ಮನದಾಗಿ ಉಳಿಯಲಿಲ್ಲ. ಕೂಟದಲ್ಲಿ ಒಗಟಿನಂಥ ಲೆಕ್ಕಗಳಿದ್ದವು, ವಿಡಿಯೋಗಳಿದ್ದವು, ವಾರಕ್ಕೊಮ್ಮೆ ಎಲ್ಲೆಲ್ಲಿಯದೋ ಮಕ್ಕಳೊಂದಿಗೆ ಮಾತುಕತೆಯಿತ್ತು. ತನ್ನ ಹಾಗೆಯೇ ಕಿಟಕಿ ನೋಡಿ ಬೈಸಿಕೊಳ್ಳುವ ಮಕ್ಕಳು ಇಷ್ಟೊಂದು ಜನ ಇದ್ದಾರೆ ಎಂದು ಗುಂಡಿಗೆ ಗೊತ್ತೇ ಇರಲಿಲ್ಲ. ಊಟಕ್ಕೆ ಕರೆದರೆ, "ಒಂದ್ನಿಮಿಷ ಅಮ್ಮ, ಇನ್ನೊಬ್ಳು ನನಗಿಂತ ಚೆನ್ನಾಗಿ ಯೋಚ್ನೆ ಮಾಡ್ತಿದಾಳೆ!" ಎಂದು ಸಂಭ್ರಮದಿಂದ ಕೂಗುತ್ತಿದ್ದಳು.

ಆ ಕೂಟದ ಮೇಲೆ ದೊಡ್ಡ ಕೂಟ ಎಂದು ಇನ್ನೊಂದಿತ್ತು. ಅದಕ್ಕೆ ಸೇರಲು ಒಂದು ಲೆಕ್ಕ ಬಿಡಿಸಿ ಫೋಟೋ ಕಳಿಸಬೇಕು. ನಾಲ್ಕು ಬದಿಯ, ಮೂಲೆಗಳೆಲ್ಲ ಹೊರಕ್ಕೆ ಚಾಚಿದ ಸೊಟ್ಟ ತುಂಡು ಯಾವುದಾದರೂ ಸರಿ, ಅದರಂಥವೇ ಬೇಕಾದಷ್ಟು ತುಂಡುಗಳಿಂದ ಸಂದು ಬಿಡದೆ, ಒಂದರ ಮೇಲೊಂದು ಏರದೆ, ನೆಲ ಮುಚ್ಚಲಾದೀತೇ? ಗುಂಡಿ ಚೂರುಬಟ್ಟೆಯ ಬುಟ್ಟಿಯನ್ನೇ ಬರಿದು ಮಾಡಿದಳು. ಕತ್ತರಿಸುವ ಮೇಜಿನ ಮೇಲೆ ಗೀಟು ಎಳೆದಳು, ಅಳಿಸಿದಳು, ಸಿಟ್ಟು ಮಾಡಿದಳು, ಮತ್ತೆ ಎಳೆದಳು. ಕೊನೆಗೊಂದು ದಿನ "ಆಗತ್ತೆ!" ಎಂದು ಕಿರುಚಿದ್ದಕ್ಕೆ ಅಜ್ಜಿ ಬೆರಳಿಗೆ ಸೂಜಿ ಚುಚ್ಚಿಕೊಂಡರು.

ಜೋಡಿಸಿದ ತುಂಡುಗಳ ಜೊತೆಗೆ, ಕಾರಣ ಬರೆದ ಕಾಗದದ ಫೋಟೋವೂ ಹೋಯಿತು. ಕೆಲವು ದಿನಗಳ ಮೇಲೆ ಕೂಟದ ಮೇಡಂ ಉತ್ತರ ಬರೆದರು. ಲೆಕ್ಕ ಸರಿಯಾಗಿದೆ. ಆದರೆ ಒಂದು ತಪ್ಪು ಗೀಟಿಲ್ಲ, ಕಾಗದಕ್ಕೊಂದು ಸುಕ್ಕಿಲ್ಲ. ಇದು ಮಗುವಿನ ಕೈಕೆಲಸ ಅನಿಸುವುದಿಲ್ಲ. ಬೇಕಿದ್ದರೆ ಶನಿವಾರ ಕ್ಯಾಮೆರಾದ ಮುಂದೆ ಹೊಸದೊಂದು ಲೆಕ್ಕ ಬಿಡಿಸಲಿ. ದೊಡ್ಡವರು ಬಾಯಿ ಹಾಕಕೂಡದು, ಕೈಯನ್ನೂ ಹಾಕಕೂಡದು. ಆಗದಿದ್ದರೆ ದೊಡ್ಡ ಕೂಟದಲ್ಲಿ ಜಾಗವಿಲ್ಲ.

"ಏನಂದ್ಕೊಂಡಿದಾರೆ ಇವರು!" ಅಮ್ಮ ಉರಿದುಬಿದ್ದಳು.

ಗುಂಡಿ ಮಾತ್ರ ಮೆಲ್ಲಗೆ ಕೇಳಿದಳು: "ನಾನು ಕದ್ದೆ ಅಂತಾನಾ ಅಮ್ಮ?"

ಅಮ್ಮ ಫೋನು ಕೆಳಗಿಟ್ಟಳು. "ನೀನು ಎಷ್ಟೊಂದು ಗೀಟು ಎಳೆದಿದ್ಯಲ್ಲೇ. ಅದೆಲ್ಲ ಎಲ್ಲೋಯ್ತು?"

"ನೀನೇ ಒರೆಸಿಬಿಟ್ಯಲ್ಲ."

ಮೂಲೆಯಿಂದ ಅಜ್ಜಿಯ ದನಿ ಬಂತು. "ಮಗು ಬರೆದ ಕಾಗದಕ್ಕೂ ಇಸ್ತ್ರಿ ಹಾಕಿದೋಳು ಯಾರು ಮಹಾರಾಯ್ತಿ? ನಾನಂತೂ ಅಲ್ಲ."

"ನೀವೇ ಕಲಿಸಿದ್ದಲ್ವಾ ಅತ್ತೆ!"

"ಬಟ್ಟೆಗೆ ಕಲಿಸಿದ್ದೆ ಕಣೇ. ಲೆಕ್ಕಕ್ಕಲ್ಲ."

ಅಮ್ಮನಿಗೆ ನೆನಪಾಯಿತು. ಫೋಟೋ ತೆಗೆಯುವ ಮುಂಚೆ ಯೋಚನೆಯೇ ಇಲ್ಲದೆ ಸ್ಪಂಜು ಆಡಿಸಿದ್ದಳು, ತುಂಡುಗಳ ಅಂಚಿನ ಎಳೆ ಕತ್ತರಿಸಿದ್ದಳು. ಮಗಳ ಕೆಲಸ ಚೆಂದ ಕಾಣಲಿ ಎಂದು, ಮಗಳು ಪಟ್ಟ ಪಾಡನ್ನೆಲ್ಲ ತಾನೇ ಅಳಿಸಿ ಕಳಿಸಿದ್ದಳು.

ಶನಿವಾರ ಮಧ್ಯಾಹ್ನ ಅಂಗಡಿಯ ಬಾಗಿಲನ್ನು ಅರ್ಧ ಎಳೆದರು. ಮೇಜಿನ ಮೇಲೆ ಇಳಿಬಿಟ್ಟ ದೀಪದ ಕೈಗೆ ಎಲಾಸ್ಟಿಕ್ಕಿನಿಂದ ಫೋನನ್ನು ಬಿಗಿದರು. ಅಮ್ಮ ಗೋಡೆಗೆ ಒರಗಿ, ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಅಜ್ಜಿ ಬಾಯಿಗೆ ಬೀಗ ಎಂಬಂತೆ ತುಟಿಯ ಮೇಲೆ ಬೆರಳಿಟ್ಟರು.

ಮೇಡಂ ಪರದೆಯಲ್ಲಿ ಕಾಣಿಸಿಕೊಂಡು ನಗುತ್ತಲೇ ಒಂದು ಆಕಾರ ತೋರಿಸಿದರು. ಅದಕ್ಕೂ ನಾಲ್ಕೇ ಬದಿ. ಆದರೆ ಒಂದು ಮೂಲೆ ಯಾರೋ ಗುದ್ದಿದ ಹಾಗೆ ಒಳಕ್ಕೆ ಹೋಗಿತ್ತು. ಸೊಟ್ಟ ಬಾಣದ ತುದಿಯಂತಿತ್ತು. "ಇದರಿಂದ ನೆಲ ಮುಚ್ಚೋಕಾಗತ್ತಾ ಪುಟ್ಟಿ?"

ಗುಂಡಿ ತಲೆ ಓರೆ ಮಾಡಿ ನೋಡಿದಳು. "ಗೊತ್ತಿಲ್ಲ. ಕತ್ತರಿಸಿ ನೋಡ್ಬೇಕು."

ಹೂವಿನ ಅಚ್ಚಿದ್ದ ತುಂಡೊಂದನ್ನು ಎಳೆದುಕೊಂಡಳು. ಅದನ್ನು ಮಡಿಸಿದಳು, ಮತ್ತೆ ಮಡಿಸಿದಳು, ಮೇಲೆ ಆಕಾರ ಬರೆದು ಒಟ್ಟಿಗೆ ಕತ್ತರಿ ಹಾಕಿದಳು. ಗೋಡೆಯ ಬಳಿ ನಿಂತ ಅಮ್ಮನಿಗೆ ತಪ್ಪು ಕಂಡಿತು. ಮಡಿಸಿ ಕತ್ತರಿಸಿದರೆ ಎಡತೋಳಿಗೊಂದು, ಬಲತೋಳಿಗೊಂದು ಬರುತ್ತದೆ. ಅಂಗಿಗೆ ಅದೇ ಬೇಕು. ಇಲ್ಲಿ ಬೇಕಾದದ್ದು ಎಲ್ಲವೂ ಒಂದೇ ಕಡೆಯ ತೋಳು. ಅವಳು ನಾಲಿಗೆ ತುದಿಗೆ ಬಂದ ಮಾತನ್ನು ಹಲ್ಲು ಕಚ್ಚಿ ನುಂಗಿದಳು. ಬೆನ್ನ ಹಿಂದೆ ಬೆರಳುಗಳು ಒಂದನ್ನೊಂದು ಹಿಸುಕುತ್ತಿದ್ದವು.

ಗುಂಡಿ ಜೋಡಿಸಿದಳು. ಹೊಂದಲಿಲ್ಲ. ಮೇಜಿನ ಮೇಲೆ ಸುಣ್ಣದಿಂದ ಅಂಚು ಗುರುತಿಸಿ ಮತ್ತೆ ಜೋಡಿಸಿದಳು. ಇನ್ನೊಂದು ಕಡೆ ಸಂದು ಬಾಯಿ ತೆರೆಯಿತು. ಮೊಣಕೈಯಿಂದ ಗೀಟು ಒರೆಸಿದಳು. ಕೆನ್ನೆಗೂ ಸುಣ್ಣ ಮೆತ್ತಿತು. ಮಗಳ ಕೆಳತುಟಿ ಅದುರುವುದನ್ನು ಕಂಡು ಅಮ್ಮ ನೆಲ ನೋಡಿದಳು.

ಅಷ್ಟರಲ್ಲಿ ಗುಂಡಿ ಎರಡು ತುಂಡುಗಳನ್ನು ಒಂದರ ಮೇಲೊಂದು ಇಟ್ಟಳು. ಮುಖ ಅರಳಿತು.

"ಅಯ್ಯೋ, ನಾನೊಬ್ಳು ದಡ್ಡಿ! ಇವು ಎಡತೋಳು, ಇವು ಬಲತೋಳು!"

"ಅಂದ್ರೆ?" ಎಂದರು ಮೇಡಂ.

"ಮಡಿಸಿ ಕತ್ತರಿಸಿದ್ನಲ್ಲ, ಅರ್ಧ ಉಲ್ಟಾ ಬಂದಿದೆ."

"ಉಲ್ಟಾ ಇರೋದನ್ನ ಮಗುಚಿ ಹಾಕು, ಸರಿಹೋಗಲ್ವಾ?"

"ಲೆಕ್ಕಕ್ಕೆ ಸರಿಹೋಗತ್ತೆ ಮೇಡಂ. ಆದ್ರೆ ಬಟ್ಟೆ ಒಳಮೈ ಮೇಲೆ ಬರತ್ತೆ. ನಮ್ಮಂಗಡೀಲಿ ಅದಕ್ಕೆ ಒಪ್ಪಲ್ಲ."

ಮೇಡಂ ಜೋರಾಗಿ ನಕ್ಕರು. ಗುಂಡಿಗೆ ನಗಲು ಪುರಸೊತ್ತಿರಲಿಲ್ಲ. ಬಲತೋಳುಗಳನ್ನೆಲ್ಲ ಬುಟ್ಟಿಗೆ ಎಸೆದು, ಬಟ್ಟೆಯನ್ನು ಈ ಸಲ ಮಡಿಸದೆ ಹೊಸ ತುಂಡುಗಳನ್ನು ಕತ್ತರಿಸಿದಳು. ಒಳಕ್ಕೆ ಹೋದ ಮೂಲೆಯ ಒಂದು ಬದಿಗೆ ಇನ್ನೊಂದು ತುಂಡಿನ ಅದೇ ಬದಿಯನ್ನು ತಲೆಕೆಳಗು ಮಾಡಿ ಸೇರಿಸಿದಳು. ಇನ್ನೊಂದು ಬದಿಗೂ ಹಾಗೆಯೇ. ನಡುವೆ ಒಂದು ಸಂದು ಉಳಿಯಿತು. ಅದರೊಳಗೆ ಇನ್ನೊಂದು ತುಂಡನ್ನು ನೆಟ್ಟಗೆ ಇಳಿಸಿದಳು. ಕಾಜಾದೊಳಗೆ ಗುಂಡಿ ಕೂತ ಹಾಗೆ ಕೂತಿತು.

"ಆಗತ್ತೆ!"

"ಯಾಕೆ ಆಗತ್ತೆ? ಅದನ್ನೂ ಹೇಳು."

"ನಾಲ್ಕು ಮೂಲೆನೂ ಸೇರಿಸಿದ್ರೆ ಪೂರ್ತಿ ಒಂದು ಸುತ್ತು ಆಗತ್ತಲ್ಲ, ಅದು ಹೋದ ಸಲವೇ ಗೊತ್ತಾಗಿತ್ತು. ಈ ಮೂಲೆ ತಾನೊಬ್ನೇ ಅರ್ಧ ಸುತ್ತಿಗಿಂತ ಜಾಸ್ತಿ ತಿಂದ್ಬಿಟ್ಟಿದೆ, ಹೊಟ್ಟೆಬಾಕ. ಮಿಕ್ಕಿರೋ ಬಾಯಿಗೆ ಉಳಿದ ಮೂರೂ ಮೂಲೆ ಸೇರಿ ಸರಿಯಾಗಿ ಕೂರ್ತವೆ. ಬೇರೆ ಏನೂ ಕೂರೋಕೆ ಜಾಗನೇ ಇಲ್ಲ."

ಪರದೆಯಲ್ಲಿ ಮೇಡಂ ಮುಂದಕ್ಕೆ ಬಾಗಿ ತುಂಡುಗಳನ್ನು ನೋಡಿದರು. ಆಮೇಲೆ ಕೇಳಿದರು: "ಇದನ್ನ ಯಾರು ಹೇಳಿಕೊಟ್ರು ಪುಟ್ಟಿ?"

"ಯಾರೂ ಇಲ್ಲ. ಅಮ್ಮಂಗೂ ಗೊತ್ತಿಲ್ಲ. ಬೇಕಾದ್ರೆ ಕೇಳಿ."

"ಹೌದಾಮ್ಮ?"

ಅಮ್ಮ ಗೋಡೆ ಬಿಟ್ಟು ಮುಂದೆ ಬಂದಳು. "ಇಲ್ಲ ಮೇಡಂ. ನನಗೆ ಗೊತ್ತೇ ಇಲ್ಲ." ಗೊತ್ತಿಲ್ಲ ಎಂಬ ಮಾತನ್ನು ಅಷ್ಟು ಜಂಬದಿಂದ ಅವಳು ಹುಟ್ಟಿದಾಗಿನಿಂದ ಆಡಿರಲಿಲ್ಲ. ಆಮೇಲೆ ದನಿ ತಗ್ಗಿಸಿ, "ಹೋದ ಸಲ ಗೀಟೆಲ್ಲ ಒರೆಸಿದ್ದು ನಾನು. ನಮ್ಮ ಕಸುಬಿನ ಚಟ. ಅವಳ ತಪ್ಪೇನಿಲ್ಲ," ಎಂದಳು.

"ಕಾಗದಕ್ಕೆ ಇಸ್ತ್ರಿ ಹಾಕಿದ್ದೂ ಹೇಳು," ಎಂದರು ಬೀಗ ಕಳಚಿದ ಅಜ್ಜಿ.

ಮೇಡಂ ಗುಂಡಿಯತ್ತ ತಿರುಗಿದರು. "ನಿನ್ನ ಮೇಲೆ ಅನುಮಾನ ಪಟ್ಟೆ ಪುಟ್ಟಿ, ತಪ್ಪಾಯ್ತು. ಮುಂದಿನ ವಾರದಿಂದ ದೊಡ್ಡ ಕೂಟಕ್ಕೆ ಬಾ. ಮೊದಲು ಈ ಮೇಜಿನ ಫೋಟೋ ಕಳಿಸು. ಎಡತೋಳು ಬಲತೋಳಿನ ಕಥೆ ನಮ್ಮ ಮಕ್ಕಳಿಗೆಲ್ಲ ನೀನೇ ಹೇಳ್ಬೇಕು."

ಫೋಟೋ ತೆಗೆಯುವಾಗ ಅಮ್ಮನ ಕೈ ತನ್ನಷ್ಟಕ್ಕೆ ಸ್ಪಂಜಿನ ಬಟ್ಟಲಿನತ್ತ ಹೋಯಿತು. ಗುಂಡಿ, ಅಜ್ಜಿ ಇಬ್ಬರೂ ಒಟ್ಟಿಗೆ ಕೆಮ್ಮಿದರು. ಅವಳು ನಕ್ಕು, ಬಟ್ಟಲನ್ನು ಎತ್ತಿ ಅಟ್ಟದ ಮೇಲಿಟ್ಟಳು.

ಸಂಜೆ ಕೋಟು ಒಯ್ಯಲು ಬಂದ ಗಿರಾಕಿ ಮೇಜು ನೋಡಿ ಹುಬ್ಬೇರಿಸಿದ. "ಏನಮ್ಮ ಇದು, ನಿಮ್ಮಂಗಡೀಲಿ ಇಷ್ಟೊಂದು ಗಲೀಜು?" ಎಂದು, ಬಟ್ಟೆಚೂರನ್ನು ಸರಿಸಲು ಕೈ ಚಾಚಿದ.

"ಮುಟ್ಬೇಡಿ," ಎಂದಳು ಅಮ್ಮ. "ಅದು ನನ್ನ ಮಗಳ ಲೆಕ್ಕ."

ಅವನ ಕೋಟನ್ನು ಅವಳು ಆ ದಿನ ಮೇಜಿನ ಬದಲು ಮಂಡಿಯ ಮೇಲಿಟ್ಟುಕೊಂಡು ಮಡಿಸಿದಳು.